ದೈನಂದಿನ ಬದುಕಿನ ಭೂಗೋಳ: ಸುಂದರಬನದ ನದೀತೀರದಿಂದ ತಾರಾಲಯದ ಗುಮ್ಮಟದವರೆಗೆ

ಭೂಗೋಳವೆಂದೊಡನೆ ಬಹುತೇಕರ ನೆನಪಿಗೆ ಬರುವುದು ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆ, ರಾಜಧಾನಿಗಳ ಪಟ್ಟಿ ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನದಿಗಳ ಹೆಸರು. ಪರೀಕ್ಷೆ ಮುಗಿದ ಮೇಲೆ ಈ ವಿಷಯವನ್ನು ಬದಿಗಿಡುವುದು ರೂಢಿ. ಆದರೆ ಕೆಲವು ಪ್ರದೇಶಗಳ ಜನರಿಗೆ ಇದನ್ನು ಬದಿಗಿಡುವ ಅವಕಾಶವಿಲ್ಲ. ದೋಣಿಯನ್ನು ಯಾವಾಗ ಬಿಡಬೇಕು, ಗದ್ದೆಯ ತೂಬನ್ನು ಯಾವಾಗ ತೆರೆಯಬೇಕು, ಮನೆ ಬಿಟ್ಟು ಯಾವಾಗ ಹೊರಡಬೇಕು ಎಂಬ ನಿತ್ಯದ ನಿರ್ಧಾರಗಳೆಲ್ಲ ಅಲ್ಲಿ ಭೂಗೋಳದ ಲೆಕ್ಕವನ್ನೇ ಅವಲಂಬಿಸಿರುತ್ತವೆ. ಗಂಗಾ ನದಿಯ ಮುಖಜಭೂಮಿಯಲ್ಲಿರುವ ಸುಂದರಬನ ಅಂತಹ ಒಂದು ಪ್ರದೇಶ.

ಹವಾಮಾನ ಇಲಾಖೆಯ ಚಂಡಮಾರುತದ ಪ್ರಕಟಣೆಗಳಲ್ಲಿ ಒಂದು ವಾಕ್ಯ ಪದೇ ಪದೇ ಕಾಣಿಸಿಕೊಳ್ಳುತ್ತದೆ: ಸಮುದ್ರದ ನೀರು ಖಗೋಳೀಯ ಉಬ್ಬರದ ಮಟ್ಟಕ್ಕಿಂತ ಇಷ್ಟು ಮೀಟರ್ ಮೇಲೇರುವ ಸಂಭವವಿದೆ. ಸಾಮಾನ್ಯ ಓದುಗರು ಗಾಳಿಯ ವೇಗವನ್ನು ಗಮನಿಸಿ ಮುಂದೆ ಸಾಗುತ್ತಾರೆ. ನದೀತೀರದ ಕುಟುಂಬಕ್ಕಾದರೋ ಜೀವನ್ಮರಣದ ಸಂಗತಿ ಅಡಗಿರುವುದು ‘ಖಗೋಳೀಯ ಉಬ್ಬರ’ ಎಂಬ ಎರಡು ಪದಗಳಲ್ಲಿ. ಅವುಗಳ ಅರ್ಥವನ್ನು ಅರಿಯಲು ನದಿಯನ್ನೂ ನೋಡಬೇಕು, ಆಕಾಶವನ್ನೂ ನೋಡಬೇಕು. ಈ ಲೇಖನದ ಉದ್ದೇಶ ಆ ಎರಡು ನೋಟಗಳನ್ನು ಜೋಡಿಸುವುದು.

ಸುಂದರಬನ: ಪ್ರದೇಶ ಪರಿಚಯ

ಗಂಗಾ, ಬ್ರಹ್ಮಪುತ್ರ ಮತ್ತು ಮೇಘನಾ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವಲ್ಲಿ ನಿರ್ಮಾಣವಾಗಿರುವ ಮುಖಜಭೂಮಿ ಜಗತ್ತಿನಲ್ಲೇ ಅತಿ ದೊಡ್ಡದು. ಅದರ ಸಮುದ್ರದಂಚಿನಲ್ಲಿ ಸುಮಾರು 10,000 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಕಾಂಡ್ಲಾ ಕಾಡು ಹಬ್ಬಿದೆ. ಇದರಲ್ಲಿ ಹೆಚ್ಚಿನ ಪಾಲು ಬಾಂಗ್ಲಾದೇಶಕ್ಕೆ ಸೇರಿದ್ದು, ಉಳಿದದ್ದು ಪಶ್ಚಿಮ ಬಂಗಾಳದ ಉತ್ತರ ಮತ್ತು ದಕ್ಷಿಣ 24 ಪರಗಣ ಜಿಲ್ಲೆಗಳಲ್ಲಿದೆ. ಇಲ್ಲಿ ಹೇರಳವಾಗಿ ಬೆಳೆಯುವ ‘ಸುಂದರಿ’ ಮರದಿಂದಲೇ ಕಾಡಿಗೆ ಈ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. ಭಾರತದ ಕಡೆಯ ಸುಂದರಬನ ರಾಷ್ಟ್ರೀಯ ಉದ್ಯಾನ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾಂಗ್ಲಾದೇಶದ ಭಾಗಕ್ಕೆ 1997ರಲ್ಲಿ ಆ ಮನ್ನಣೆ ದೊರೆಯಿತು.

ಹೊರಗಿನವರಿಗೆ ಸುಂದರಬನವೆಂದರೆ ಹುಲಿಗಳ ನಾಡು. ವಾಸ್ತವದಲ್ಲಿ ಭಾರತದ ಭಾಗದ 102 ದ್ವೀಪಗಳಲ್ಲಿ ಸುಮಾರು ಅರ್ಧದಷ್ಟು ಜನವಸತಿಯ ದ್ವೀಪಗಳು. ಇಡೀ ಪ್ರದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಭತ್ತದ ಬೇಸಾಯ, ಮೀನುಗಾರಿಕೆ, ಏಡಿ ಹಿಡಿಯುವುದು, ಜೇನು ಸಂಗ್ರಹ ಇವರ ಮುಖ್ಯ ಕಸುಬುಗಳು. ಹೂಗ್ಲಿ, ಮಾತ್ಲಾ, ವಿದ್ಯಾಧರಿ, ರಾಯ್‌ಮಂಗಲ್ ಮೊದಲಾದ ಹೊಳೆಗಳು ಮತ್ತು ಅವುಗಳ ಅಸಂಖ್ಯ ಕವಲುಗಳು ಊರೂರಿನ ನಡುವೆ ಹರಿಯುತ್ತವೆ. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹೋಗಲು ಅನೇಕ ಊರುಗಳವರು ದೋಣಿಯನ್ನೇ ನೆಚ್ಚಬೇಕು.

ದಿನಚರಿಯನ್ನು ನಡೆಸುವ ಉಬ್ಬರ

ಇಲ್ಲಿಯ ಹೊಳೆಗಳು ದಿನಕ್ಕೆ ಎರಡು ಬಾರಿ ಹಿಮ್ಮುಖವಾಗಿ ಹರಿಯುತ್ತವೆ. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಆದ್ದರಿಂದ ಇಂದು ಬೆಳಿಗ್ಗೆ 8 ಗಂಟೆಗೆ ಬಂದ ಉಬ್ಬರ ನಾಳೆ 8 ಗಂಟೆ 50 ನಿಮಿಷದ ಸುಮಾರಿಗೆ ಬರುತ್ತದೆ. ಸಮುದ್ರದಿಂದ ಮೇಲ್ಮುಖವಾಗಿ ಸಾಗಿದಂತೆ ಇನ್ನಷ್ಟು ತಡವಾಗುವುದರಿಂದ ಪ್ರತಿಯೊಂದು ದೋಣಿಗಟ್ಟೆಗೂ ತನ್ನದೇ ಆದ ಸಮಯವಿರುತ್ತದೆ. ಇಳಿತದ ಹೊತ್ತಿನಲ್ಲಿ ಕೆಸರಿನ ದಂಡೆಯಲ್ಲಿ ಸಿಕ್ಕಿಕೊಂಡ ದೋಣಿ ಮುಂದಿನ ಉಬ್ಬರದವರೆಗೆ ಕದಲದು. ಹೀಗಾಗಿ ಸಂತೆಯ ವೇಳೆ, ಬಲೆ ಬೀಸುವ ವೇಳೆ, ತೂಬಿನ ಬಾಗಿಲು ತೆರೆಯುವ ವೇಳೆ ಎಲ್ಲವೂ ಗಡಿಯಾರಕ್ಕಿಂತ ಹೆಚ್ಚಾಗಿ ನೀರನ್ನು ಅನುಸರಿಸುತ್ತವೆ.

ಉಬ್ಬರದ ಎತ್ತರವೂ ಎಲ್ಲ ದಿನ ಒಂದೇ ಆಗಿರುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಸಮುದ್ರದ ಮೇಲೆ ಸೂರ್ಯನ ಸೆಳೆತದ ಪರಿಣಾಮ ಚಂದ್ರನದಕ್ಕಿಂತ ಅರ್ಧಕ್ಕಿಂತ ತುಸು ಕಡಿಮೆ. ಎರಡೂ ಕೂಡಿದಾಗ ನೀರು ಅತಿ ಹೆಚ್ಚು ಏರುತ್ತದೆ; ಅತಿ ಹೆಚ್ಚು ಇಳಿಯುವುದೂ ಆಗಲೇ. ಅಷ್ಟಮಿಯ ಆಸುಪಾಸಿನಲ್ಲಿ ಸೂರ್ಯ ಮತ್ತು ಚಂದ್ರ ಪರಸ್ಪರ ಲಂಬ ದಿಕ್ಕಿನಲ್ಲಿದ್ದು, ಒಂದರ ಪರಿಣಾಮವನ್ನು ಇನ್ನೊಂದು ಕುಗ್ಗಿಸುತ್ತದೆ. ಬಂಗಾಳಿ ಭಾಷೆಯಲ್ಲಿ ಮೊದಲನೆಯದಕ್ಕೆ ‘ಭೊರಾ ಕೊಟಾಲ್’, ಅಂದರೆ ತುಂಬಿದ ಉಬ್ಬರ ಎಂದೂ ಎರಡನೆಯದಕ್ಕೆ ‘ಮೊರಾ ಕೊಟಾಲ್’, ಅಂದರೆ ಸತ್ತ ಉಬ್ಬರ ಎಂದೂ ಹೆಸರು. ತುಂಬಿದ ಉಬ್ಬರದ ದಿನಗಳಲ್ಲಿ ಸುಂದರಬನದ ಹೊಳೆಗಳು ನಾಲ್ಕೈದು ಮೀಟರ್ ಏರಿ ಇಳಿಯುವುದುಂಟು. ತುಂಬಿದ ಉಬ್ಬರದ ನೆತ್ತಿಗೂ ಸತ್ತ ಉಬ್ಬರದ ನೆತ್ತಿಗೂ ನಡುವಣ ವ್ಯತ್ಯಾಸ ಒಂದು ಆಳಿನ ಎದೆಮಟ್ಟಕ್ಕೆ ಸಮೀಪಿಸಬಲ್ಲದು.

ನಮ್ಮ ಪಂಚಾಂಗದ ತಿಥಿಯು ಸೂರ್ಯ ಮತ್ತು ಚಂದ್ರರ ನಡುವಣ ಕೋನವನ್ನು 12 ಡಿಗ್ರಿಗೆ ಒಂದರಂತೆ ಎಣಿಸುವ ಅಳತೆ. ಉಬ್ಬರದ ಹಿರಿಮೆ ಕಿರಿಮೆಗಳನ್ನು ನಿರ್ಧರಿಸುವುದೂ ಮುಖ್ಯವಾಗಿ ಅದೇ ಕೋನ. ಆದುದರಿಂದ ತಿಥಿಯನ್ನು ಬಲ್ಲ ಮೀನುಗಾರನು ನಕಾಶೆಯನ್ನು ಎಂದೂ ಬಿಡಿಸಿ ನೋಡದಿದ್ದರೂ ಸಮುದ್ರದ ಇಂದಿನ ಸ್ಥಿತಿಯನ್ನು ಸಾಕಷ್ಟು ಸರಿಯಾಗಿ ಊಹಿಸಬಲ್ಲ.

ಒಡ್ಡಿನ ಒಳಗಿನ ನೆಲ

ಸುಂದರಬನದ ಜನವಸತಿಯ ದ್ವೀಪಗಳ ಸುತ್ತ ಮಣ್ಣಿನ ಒಡ್ಡುಗಳಿವೆ. ಅವುಗಳ ಒಟ್ಟು ಉದ್ದ ಸುಮಾರು 3,500 ಕಿಲೋಮೀಟರ್. ಬ್ರಿಟಿಷರ ಆಡಳಿತಾವಧಿಯಲ್ಲಿ, 18ನೆಯ ಶತಮಾನದ ಕೊನೆಯ ಭಾಗದಿಂದ ಕಾಡು ಕಡಿದು ಸಾಗುವಳಿಗೆ ಭೂಮಿ ತೆಗೆಯುವ ಕಾರ್ಯ ಆರಂಭವಾಯಿತು. ಉಪ್ಪುನೀರನ್ನು ಹೊರಗಿಡದೆ ಭತ್ತ ಬೆಳೆಯುವುದು ಸಾಧ್ಯವಿರಲಿಲ್ಲವಾದ್ದರಿಂದ ಒಡ್ಡುಗಳನ್ನು ಕಟ್ಟಲಾಯಿತು.

ಈ ಒಡ್ಡುಗಳಿಂದ ಒಂದು ಅನಿರೀಕ್ಷಿತ ಪರಿಣಾಮ ಉಂಟಾಯಿತು. ಮುಖಜಭೂಮಿಯ ನೆಲ ಬೆಳೆಯುವುದು ಉಬ್ಬರದ ನೀರು ತಂದು ಹಾಸುವ ಹೂಳಿನಿಂದ. ಒಡ್ಡು ನೀರನ್ನು ತಡೆದಾಗ ಹೂಳನ್ನೂ ತಡೆಯಿತು. ಒಳಗಿನ ನೆಲ ಏರುವುದು ನಿಂತಿತು. ಹೊರಗಿನ ಹೊಳೆಯ ತಳದಲ್ಲಿ ಹೂಳು ತುಂಬುತ್ತ ಹೋಯಿತು. ಇಂದು ಅನೇಕ ದ್ವೀಪಗಳಲ್ಲಿ ಮನೆ ಮತ್ತು ಗದ್ದೆಗಳು ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿವೆ. ದ್ವೀಪವೊಂದು ಅಂಚುಳ್ಳ ತಟ್ಟೆಯಂತಾಗಿದೆ. ಅಂಚು ಒಂದು ಕಡೆ ಒಡೆದರೂ ನೀರು ಇಡೀ ತಟ್ಟೆಯನ್ನು ತುಂಬುತ್ತದೆ ಮತ್ತು ತಾನಾಗಿಯೇ ಹೊರಗೆ ಹೋಗುವುದಿಲ್ಲ. ಸಮುದ್ರಮಟ್ಟದ ಏರಿಕೆ, ನೆಲದ ಕುಸಿತ ಮತ್ತು ದಂಡೆಯ ಕೊರೆತಗಳು ಈ ಕಷ್ಟವನ್ನು ಹೆಚ್ಚಿಸಿವೆ. ಹೂಗ್ಲಿಯ ಮುಖದಲ್ಲಿದ್ದ ಲೋಹಾಚರಾ ದ್ವೀಪ ನೀರಿನ ಪಾಲಾಯಿತು. ನೆರೆಯ ಘೋರಾಮಾರಾ ದ್ವೀಪ ತನ್ನ ಹಿಂದಿನ ವಿಸ್ತಾರದ ಬಹುಪಾಲನ್ನು ಕಳೆದುಕೊಂಡಿದ್ದು, ಅಲ್ಲಿಯ ಅನೇಕ ಕುಟುಂಬಗಳು ಸಾಗರ ದ್ವೀಪದಲ್ಲಿ ನೆಲೆ ಕಂಡುಕೊಂಡಿವೆ.

ಒಂದು ಪದ, ಒಂದು ಬಂದರು

ಇಂದು ಲೋಕದೆಲ್ಲೆಡೆ ಬಳಕೆಯಲ್ಲಿರುವ ‘ಸೈಕ್ಲೋನ್’ ಎಂಬ ಪದ ಹುಟ್ಟಿದ್ದು ಕೋಲ್ಕತ್ತಾದಲ್ಲಿ. ಅಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಮಾಜಿ ನಾವಿಕ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಬಂಗಾಳ ಕೊಲ್ಲಿಯ ಬಿರುಗಾಳಿಗಳು ಒಂದು ಕೇಂದ್ರದ ಸುತ್ತ ಸುತ್ತುತ್ತವೆ ಎಂಬುದನ್ನು ವಿವರಿಸಿದ. ಸುರುಳಿ ಸುತ್ತಿದ ಹಾವನ್ನು ನೆನಪಿಗೆ ತರುವ ಗ್ರೀಕ್ ಪದದಿಂದ ಅವುಗಳಿಗೆ ಹೆಸರು ಕೊಟ್ಟ. ನಾವಿಕರಿಗಾಗಿ ಆತ ಬರೆದ ಕೈಪಿಡಿ 1848ರಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ಹೂಗ್ಲಿ ನದಿ ಹೂಳಿನಿಂದ ತುಂಬುತ್ತಿದೆಯೆಂಬ ಆತಂಕದಿಂದ ಮಾತ್ಲಾ ಹೊಳೆಯ ದಂಡೆಯಲ್ಲಿ ಹೊಸ ಬಂದರನ್ನು ಕಟ್ಟಲು ಸರ್ಕಾರ ಯೋಚಿಸಿತು. ಬಂಗಾಳಿಯಲ್ಲಿ ‘ಮಾತಾಲ್’ ಎಂದರೆ ಕುಡಿದು ಮತ್ತನಾದವನು. ಹೊಳೆಯ ಹೆಸರಿಗೆ ಜನ ಆ ಅರ್ಥವನ್ನು ಹಚ್ಚುತ್ತಾರೆ. ಚಂಡಮಾರುತ ಬಂದಾಗ ಸಮುದ್ರದ ನೀರು ಈ ಹೊಳೆಯಲ್ಲಿ ನುಗ್ಗಿ ಬಂದರನ್ನು ಮುಳುಗಿಸುವುದೆಂದು ಪಿಡಿಂಗ್ಟನ್ 1853ರಲ್ಲೇ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದ ಪತ್ರದಲ್ಲಿ ಎಚ್ಚರಿಸಿದ. ಎಚ್ಚರಿಕೆ ಫಲಕಾರಿಯಾಗಲಿಲ್ಲ. ಬಂದರು ನಿರ್ಮಾಣವಾಯಿತು, ಅದಕ್ಕೆ ಕ್ಯಾನಿಂಗ್ ಎಂಬ ಹೆಸರೂ ಬಂತು. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡ. 1867ರ ಚಂಡಮಾರುತದಲ್ಲಿ ನೀರು ಬಂದರಿನೊಳಗೆ ನುಗ್ಗಿ ಅಪಾರ ಹಾನಿ ಮಾಡಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಲಾಯಿತು. ಇಂದು ಕ್ಯಾನಿಂಗ್ ಸುಂದರಬನಕ್ಕೆ ಹೋಗುವವರು ರೈಲಿನಿಂದ ಇಳಿಯುವ ಪಟ್ಟಣ.

ಇದೇ ಅವಧಿಯಲ್ಲಿ, 1864ರ ಅಕ್ಟೋಬರ್ 5ರಂದು ಕೋಲ್ಕತ್ತಾವನ್ನು ಅಪ್ಪಳಿಸಿದ ಚಂಡಮಾರುತ ಮತ್ತು 1866, 1871ರ ಮುಂಗಾರು ವೈಫಲ್ಯಗಳ ನಂತರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಗಾಳಿಯ ವರ್ಗ, ನೀರಿನ ಎತ್ತರ

ಹವಾಮಾನ ಇಲಾಖೆ ಚಂಡಮಾರುತಗಳನ್ನು ಗಾಳಿಯ ವೇಗದ ಆಧಾರದಿಂದ ವರ್ಗೀಕರಿಸುತ್ತದೆ. ವೇಗ ಗಂಟೆಗೆ 62 ಕಿಲೋಮೀಟರ್ ತಲುಪಿದಾಗ ವಾಯುಭಾರ ಕುಸಿತವು ಚಂಡಮಾರುತವೆನಿಸಿಕೊಂಡು ಹೆಸರು ಪಡೆಯುತ್ತದೆ. 89 ಕಿಲೋಮೀಟರಿನಿಂದ ತೀವ್ರ, 118ರಿಂದ ಅತಿ ತೀವ್ರ ಎಂಬ ವರ್ಗಗಳಿದ್ದು, ಸುಮಾರು 221 ಕಿಲೋಮೀಟರ್ ಮೀರಿದಾಗ ಅದನ್ನು ಸೂಪರ್ ಚಂಡಮಾರುತವೆಂದು ಕರೆಯುತ್ತಾರೆ.

ಇದು ಗಾಳಿಯ ಅಳತೆ. ಕರಾವಳಿಯ ಚಂಡಮಾರುತಗಳಲ್ಲಿ ಅತಿ ಹೆಚ್ಚು ಪ್ರಾಣಹಾನಿ ಮಾಡಿರುವುದು ನೀರು. ಬಲವಾದ ಗಾಳಿ ಸಮುದ್ರದ ನೀರನ್ನು ದಡದ ಕಡೆಗೆ ತಳ್ಳಿ ಗುಡ್ಡೆಹಾಕುತ್ತದೆ. ಕೇಂದ್ರದಲ್ಲಿ ವಾಯುಭಾರ ಕಡಿಮೆಯಾಗಿರುವುದರಿಂದಲೂ ನೀರು ಸ್ವಲ್ಪ ಮೇಲೇಳುತ್ತದೆ. ಇದನ್ನು ಚಂಡಮಾರುತದ ಉಬ್ಬರ ಎನ್ನಬಹುದು. ಬಂಗಾಳ ಕೊಲ್ಲಿಯ ತಲೆಭಾಗ ಆಳವಿಲ್ಲದ್ದು ಮತ್ತು ಆಲಿಕೆಯಂತೆ ಕಿರಿದಾಗುತ್ತ ಹೋಗುವಂಥದ್ದು. ನುಗ್ಗಿದ ನೀರಿಗೆ ಹರಡಿಕೊಳ್ಳಲು ಸ್ಥಳವಿಲ್ಲದೆ ಅದು ಮೇಲಕ್ಕೇರಿ ಹೊಳೆಗಳ ಬಾಯಿಗೆ ನುಗ್ಗುತ್ತದೆ.

ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಆದ್ದರಿಂದ ಅದು ಸಾಗುವ ದಿಕ್ಕಿಗೆ ಮುಖ ಮಾಡಿದರೆ ಬಲಗಡೆಯ ಕರಾವಳಿಯಲ್ಲಿ ಗಾಳಿ ಸಮುದ್ರದಿಂದ ನೆಲದ ಕಡೆಗೂ ಎಡಗಡೆಯಲ್ಲಿ ನೆಲದಿಂದ ಸಮುದ್ರದ ಕಡೆಗೂ ಬೀಸುತ್ತದೆ. ನೀರಿನ ಏರಿಕೆ ಹೆಚ್ಚಾಗಿ ಬಲಗಡೆಯಲ್ಲೇ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದು ಇಲ್ಲಿ ಸ್ಮರಣೀಯ. ಗಾಳಿಗೆ ಬೆನ್ನು ಮಾಡಿ ನಿಂತರೆ, ಉತ್ತರಾರ್ಧಗೋಳದಲ್ಲಿ ವಾಯುಭಾರ ಕಡಿಮೆಯಿರುವ ಕೇಂದ್ರ ನಮ್ಮ ಎಡಗಡೆಗಿರುತ್ತದೆ. ಯಾವ ಉಪಕರಣವೂ ಇಲ್ಲದೆ ನಾವಿಕನು ಬಿರುಗಾಳಿಯ ನೆಲೆಯನ್ನು ತಿಳಿಯಲು ಇದು ನೆರವಾಗುತ್ತದೆ.

ಐಲಾ, ಅಂಫಾನ್, ಯಾಸ್

ಒಡ್ಡಿನ ಮುಂದೆ ನಿಂತ ನೀರಿನ ಎತ್ತರ ಎರಡು ಸಂಖ್ಯೆಗಳ ಮೊತ್ತ. ಸೂರ್ಯ ಚಂದ್ರರಿಂದಾಗುವ ಖಗೋಳೀಯ ಉಬ್ಬರ ಒಂದು. ಅದರ ಮೇಲೆ ಗಾಳಿ ತಂದು ಪೇರಿಸುವ ಚಂಡಮಾರುತದ ಉಬ್ಬರ ಇನ್ನೊಂದು. ಮೊದಲನೆಯದನ್ನು ವರ್ಷಗಳ ಮೊದಲೇ ಲೆಕ್ಕಹಾಕಬಹುದು. ಎರಡನೆಯದು ಕೆಲವೇ ದಿನಗಳ ಮೊದಲು ತಿಳಿಯುತ್ತದೆ. ಸುಂದರಬನದ ಇತ್ತೀಚಿನ ಇತಿಹಾಸ ಈ ಕೂಡಿಕೆಯ ಪರಿಣಾಮವನ್ನು ಸ್ಪಷ್ಟವಾಗಿ ತೋರಿಸುತ್ತದೆ.

2009ರ ಮೇ 25ರಂದು ಸಾಗರ ದ್ವೀಪದ ಬಳಿ ನೆಲ ಮುಟ್ಟಿದ ಐಲಾ, ಗಾಳಿಯ ಲೆಕ್ಕದಲ್ಲಿ ‘ತೀವ್ರ’ ವರ್ಗಕ್ಕೆ ಮಾತ್ರ ಸೇರಿದ್ದು. ಆದರೆ ಹಿಂದಿನ ದಿನವಷ್ಟೇ ಅಮಾವಾಸ್ಯೆ ಕಳೆದಿತ್ತು. ಹೊಳೆಗಳು ತುಂಬಿದ ಉಬ್ಬರದಲ್ಲಿದ್ದಾಗಲೇ ಸಮುದ್ರ ನುಗ್ಗಿತು. ನೂರಾರು ಕಿಲೋಮೀಟರ್ ಒಡ್ಡು ಕೊಚ್ಚಿಹೋಯಿತು. ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

2020ರ ಮೇ 20ರಂದು ಬಂದ ಅಂಫಾನ್ ಇದಕ್ಕಿಂತ ಬಹಳ ಬಲಶಾಲಿ. ಸಮುದ್ರದ ಮೇಲಿದ್ದಾಗ ಅದು ಸೂಪರ್ ಚಂಡಮಾರುತದ ಮಟ್ಟ ತಲುಪಿತ್ತು. 1999ರ ಒಡಿಶಾ ದುರಂತದ ನಂತರ ಬಂಗಾಳ ಕೊಲ್ಲಿಯಲ್ಲಿ ಅಂತಹುದು ಅದೇ ಮೊದಲು. ನೆಲ ಮುಟ್ಟುವಾಗ ಗಾಳಿಯ ವೇಗ ಗಂಟೆಗೆ 155ರಿಂದ 165 ಕಿಲೋಮೀಟರ್ ಇತ್ತು. ಅಮಾವಾಸ್ಯೆಗೆ ಇನ್ನೂ ಎರಡು ದಿನಗಳಿದ್ದವು. ಮುನ್ಸೂಚನೆ ಸಾಕಷ್ಟು ಮೊದಲೇ ದೊರೆತು, ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದರಿಂದ ಪ್ರಾಣಹಾನಿ ಹಿಂದಿನ ದುರಂತಗಳಿಗೆ ಹೋಲಿಸಿದರೆ ಕಡಿಮೆಯಾಯಿತು. ಆಸ್ತಿಪಾಸ್ತಿಯ ಹಾನಿ ಮಾತ್ರ ಅಗಾಧ.

ಮೂರನೆಯದು ಯಾಸ್. 2021ರ ಮೇ 26ರ ಬೆಳಿಗ್ಗೆ ಅದು ನೆಲ ಮುಟ್ಟಿದ್ದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ. ಸಾಗರ ದ್ವೀಪದಿಂದ ಆ ಸ್ಥಳ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಸುಂದರಬನ ಮುಳುಗಿತು. ಮೌಸುನಿ, ಘೋರಾಮಾರಾ, ಗೋಸಾಬಾ ಮುಂತಾದ ಕಡೆ ನೀರು ಒಡ್ಡುಗಳನ್ನು ಒಡೆದು, ಕೆಲವೆಡೆ ಒಡ್ಡುಗಳ ಮೇಲೆಯೇ ಹರಿದು ಊರುಗಳನ್ನು ತುಂಬಿತು. ಕಾರಣಗಳು ಎರಡು. ಸುಂದರಬನ ಚಂಡಮಾರುತದ ಬಲಗಡೆಯಲ್ಲಿತ್ತು. ಗಾಳಿ ಸಮುದ್ರವನ್ನು ಹೊಳೆಗಳೊಳಗೆ ತಳ್ಳುತ್ತಿತ್ತು. ಅಂದು ವೈಶಾಖ ಹುಣ್ಣಿಮೆ. ಸಾಲದುದಕ್ಕೆ ಚಂದ್ರನು ಭೂಮಿಗೆ ಅತಿ ಸಮೀಪದ ನೆಲೆಯಲ್ಲಿ, ಸುಮಾರು 3,57,000 ಕಿಲೋಮೀಟರ್ ದೂರದಲ್ಲಿದ್ದ. ಅದೇ ದಿನ ಸಂಪೂರ್ಣ ಚಂದ್ರಗ್ರಹಣವೂ ಸಂಭವಿಸಿತು. ಗ್ರಹಣವೆಂದರೆ ಸೂರ್ಯ, ಭೂಮಿ, ಚಂದ್ರ ನೇರ ಸಾಲಿನಲ್ಲಿ ಬಂದಿರುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ. ಹಾಗಾಗಿ ಗಾಳಿ ಅಂಫಾನ್‌ನಷ್ಟು ಬಲವಾಗಿರದಿದ್ದರೂ ನೀರು ಅಷ್ಟು ಮೇಲೇರಿತು.

ಇನ್ನೂ ಹಿಂದಕ್ಕೆ ಹೋದರೆ, 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪ ಮತ್ತು ಮೇಘನಾ ನದೀಮುಖದ ಜನವಸತಿಯನ್ನು ಕೊಚ್ಚಿಕೊಂಡು ಹೋದ ಚಂಡಮಾರುತ ಬಂದದ್ದೂ ಹುಣ್ಣಿಮೆಯ ಹಿಂದಿನ ರಾತ್ರಿ, ಉಬ್ಬರದ ಹೊತ್ತಿನಲ್ಲಿ. ಮೂರು ಲಕ್ಷಕ್ಕೂ ಹೆಚ್ಚು ಜನ ಮಡಿದ ಆ ದುರಂತ ದಾಖಲಾದ ಚಂಡಮಾರುತಗಳಲ್ಲೇ ಅತ್ಯಂತ ಭೀಕರವಾದುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮಾವಾಸ್ಯೆ, ಹುಣ್ಣಿಮೆ ಅಥವಾ ಗ್ರಹಣ ಚಂಡಮಾರುತವನ್ನು ಹುಟ್ಟಿಸುವುದಿಲ್ಲ. ಅದು ಹುಟ್ಟುವುದು ಬೆಚ್ಚನೆಯ ಸಮುದ್ರ ಮತ್ತು ವಾತಾವರಣದ ಸ್ಥಿತಿಗತಿಗಳಿಂದ. ಚಂದ್ರನು ನಿರ್ಧರಿಸುವುದು ಚಂಡಮಾರುತ ಬಂದ ಗಳಿಗೆಯಲ್ಲಿ ನೀರು ಆಗಲೇ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಮಾತ್ರ. ಭಯಕ್ಕೂ ಲೆಕ್ಕಕ್ಕೂ ಇರುವ ಅಂತರ ಇದೇ.

ಉಪ್ಪು ಉಳಿಸಿಹೋಗುವ ಸಂಕಷ್ಟ

ನೀರು ಇಳಿದ ಮೇಲೂ ಸಂಕಷ್ಟ ಇಳಿಯುವುದಿಲ್ಲ. ಐಲಾದ ನಂತರ ಅನೇಕ ದ್ವೀಪಗಳ ಗದ್ದೆಗಳು ಉಪ್ಪಿನಿಂದ ಬಂಜರಾದವು; ಸಿಹಿನೀರಿನ ಕೆರೆಗಳ ಮೀನು ಸತ್ತವು; ಕುಡಿಯುವ ನೀರಿಗೆ ತೊಂದರೆಯಾಯಿತು. ಮಣ್ಣಿನ ಉಪ್ಪನ್ನು ಮಳೆ ತೊಳೆಯಬೇಕು. ಅದಕ್ಕೆ ಕೆಲವು ಮಳೆಗಾಲಗಳೇ ಬೇಕು. ಈ ಅವಧಿಯಲ್ಲಿ ದುಡಿಯುವ ವಯಸ್ಸಿನ ಗಂಡಸರು ಕೂಲಿ ಅರಸಿ ಕೇರಳ, ತಮಿಳುನಾಡು, ಕರ್ನಾಟಕಗಳವರೆಗೂ ವಲಸೆ ಬಂದರು. ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ಬಂಗಾಳಿ ಕಾರ್ಮಿಕರಲ್ಲಿ ಈ ದ್ವೀಪಗಳವರೂ ಇದ್ದಾರೆ. ದೂರದ ಹೊಳೆಯ ಒಡ್ಡು ಒಡೆದ ಪರಿಣಾಮ ನಮ್ಮ ನಗರದ ಬೀದಿಯವರೆಗೆ ತಲುಪುವುದು ಹೀಗೆ.

ಅಧಿಕ ಇಳುವರಿಯ ತಳಿಗಳು ಸೋತ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಹಳೆಯ ಭತ್ತದ ತಳಿಗಳ ಬೆಲೆ ಜನರಿಗೆ ಮತ್ತೆ ತಿಳಿಯಿತು. ‘ನೊನಾ ಬೊಕ್ರಾ’ ಅಂತಹ ಒಂದು ಹೆಸರಾಂತ ತಳಿ. ಬಂಗಾಳಿಯಲ್ಲಿ ‘ನೊನಾ’ ಎಂದರೆ ಉಪ್ಪಾದದ್ದು. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಒಡ್ಡುಗಳ ಹಿಂದೆ ಗಜನಿ ಭೂಮಿಗಳಿವೆ. ಅಲ್ಲಿ ಮಳೆ ಬಂದು ಉಪ್ಪಿನಂಶ ತಗ್ಗಿದ ವೇಳೆಯನ್ನು ನೋಡಿ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕೊಯ್ಲಾದ ಮೇಲೆ ಅದೇ ನೆಲಕ್ಕೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಕಗ್ಗವೂ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ.

ಗುಮ್ಮಟದ ಕೆಳಗಿನ ಆಕಾಶ

ಹೊಳೆಯ ನೀರಿನ ಲೆಕ್ಕದ ಅರ್ಧಭಾಗ ಆಕಾಶದಲ್ಲಿದೆಯೆಂದ ಮೇಲೆ ಅದನ್ನು ಕಲಿಸುವ ಸ್ಥಳ ಯಾವುದು? ಇಲ್ಲಿ ತಾರಾಲಯದ ಪ್ರಸ್ತಾಪ ಬರುತ್ತದೆ. ಗುಮ್ಮಟದ ಒಳಮೈಯ ಮೇಲೆ ನಕ್ಷತ್ರಗಳ ಬೆಳಕನ್ನು ಮೂಡಿಸುವ ಆಧುನಿಕ ಯಂತ್ರವನ್ನು ಜರ್ಮನಿಯ ಝೈಸ್ ಸಂಸ್ಥೆ ನಿರ್ಮಿಸಿ 1923ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರದರ್ಶಿಸಿತು. ಭಾರತದ ಮೊದಲ ತಾರಾಲಯಗಳಲ್ಲೊಂದಾದ ಕೋಲ್ಕತ್ತಾದ ಬಿರ್ಲಾ ತಾರಾಲಯವನ್ನು 1963ರ ಜುಲೈ 2ರಂದು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಸಾಂಚಿಯ ಸ್ತೂಪವನ್ನು ಹೋಲುವ ಈ ಕಟ್ಟಡ ಚೌರಂಗಿಯ ಹೆಗ್ಗುರುತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಆರಂಭವಾಯಿತು. ಮಂಗಳೂರು ಬಳಿಯ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಪ್ರೇಕ್ಷಕರಿಗೆ ತೆರೆದುಕೊಂಡಿತು.

ತಾರಾಲಯದಲ್ಲಿ ಪ್ರದರ್ಶನಕ್ಕೆ ಮುನ್ನ ನಿರ್ವಾಹಕರು ಯಂತ್ರಕ್ಕೆ ಎರಡು ಮಾಹಿತಿಗಳನ್ನು ಕೊಡಬೇಕಾಗುತ್ತದೆ: ಯಾವ ಸ್ಥಳದ ಆಕಾಶ, ಯಾವ ಸಮಯದ ಆಕಾಶ. ಸ್ಥಳ ಬದಲಾದರೆ ಆಕಾಶವೂ ಬದಲಾಗುತ್ತದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಬಹುಮಟ್ಟಿಗೆ ಅದೇ ಆ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಕೋಲ್ಕತ್ತಾದಲ್ಲಿ ಸುಮಾರು 22.5 ಡಿಗ್ರಿ. ರೇಖಾಂಶದ ವ್ಯತ್ಯಾಸ ಸಮಯದಲ್ಲಿ ಕಾಣಿಸುತ್ತದೆ. ಮಂಗಳೂರಿಗೂ ಕೋಲ್ಕತ್ತಾಕ್ಕೂ ನಡುವೆ ಸುಮಾರು 13.5 ಡಿಗ್ರಿ ರೇಖಾಂಶದ ಅಂತರವಿರುವುದರಿಂದ, ಕೋಲ್ಕತ್ತಾದಲ್ಲಿ ಸೂರ್ಯ ನೆತ್ತಿಗೆ ಬಂದು 54 ನಿಮಿಷಗಳಾದ ಮೇಲೆ ಮಂಗಳೂರಿನಲ್ಲಿ ನಡುಹಗಲಾಗುತ್ತದೆ. ಎರಡೂ ಊರುಗಳ ಗಡಿಯಾರ ಮಾತ್ರ ಒಂದೇ ಸಮಯವನ್ನು ತೋರಿಸುತ್ತದೆ.

ಗುಮ್ಮಟದ ಕೆಳಗೆ ಒಂದು ತಿಂಗಳನ್ನು ಕೆಲವೇ ನಿಮಿಷಗಳಲ್ಲಿ ಓಡಿಸಬಹುದು. ಚಂದ್ರನು ದಿನದಿನವೂ ತಡವಾಗಿ ಹುಟ್ಟುವುದನ್ನು, ಹುಣ್ಣಿಮೆಯಂದು ಸೂರ್ಯನಿಗೆ ಎದುರಾಗಿ ಏಳುವುದನ್ನು, ಅಷ್ಟಮಿಯಂದು ಲಂಬಕೋನದಲ್ಲಿ ನಿಲ್ಲುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಉಬ್ಬರ ದಿನಕ್ಕೆ 50 ನಿಮಿಷ ತಡವಾಗುವುದಕ್ಕೆ ಚಂದ್ರನ ಈ ವಿಳಂಬವೇ ಕಾರಣ. ದೀಪಗಳು ಬೆಳಗಿದ ನಗರಗಳಲ್ಲಿ ಚಂದ್ರನ ನೆಲೆಯನ್ನು ಗಮನಿಸುವ ಅಭ್ಯಾಸ ಮಕ್ಕಳಿಗೆ ತಪ್ಪಿಹೋಗಿದೆ. ತಾರಾಲಯ ಅದನ್ನು ಮರಳಿ ಕೊಡಬಲ್ಲದು. 2009ರ ಮೇ 25 ಮತ್ತು 2021ರ ಮೇ 26ರ ಆಕಾಶಗಳನ್ನು ಗುಮ್ಮಟದ ಮೇಲೆ ಮೂಡಿಸಿ, ಆ ದಿನಗಳಂದು ಹೊಳೆಯಲ್ಲಿ ನಡೆದದ್ದನ್ನು ವಿವರಿಸಿದರೆ ಅದಕ್ಕಿಂತ ಪರಿಣಾಮಕಾರಿಯಾದ ಭೂಗೋಳದ ಪಾಠ ಬೇರೊಂದಿರಲಾರದು.

ನಮ್ಮ ಕರಾವಳಿಗೂ ಅನ್ವಯ

ಕರ್ನಾಟಕದ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸಿನಲ್ಲಿರುತ್ತದೆ. ಸುಂದರಬನಕ್ಕೆ ಹೋಲಿಸಿದರೆ ಕಡಿಮೆ. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ನಮ್ಮ ದಡದಿಂದ ದೂರವೇ ಸಾಗುತ್ತವೆ. ಆದರೆ 2021ರ ಮೇ 15 ಮತ್ತು 16ರಂದು ತೌಕ್ತೆ ಚಂಡಮಾರುತ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲತೀರಕ್ಕೆ ಹಾನಿ ಮಾಡುತ್ತ ಗುಜರಾತಿನ ಕಡೆಗೆ ಸಾಗಿತು. ಅದು ಉತ್ತರಮುಖವಾಗಿ ಸಾಗುತ್ತಿದ್ದುದರಿಂದ ನಮ್ಮ ಕರಾವಳಿ ಅದರ ಬಲಗಡೆಯಲ್ಲಿತ್ತು. ಆ ವೇಳೆಗೆ ಅಮಾವಾಸ್ಯೆ ಕಳೆದು ನಾಲ್ಕೈದು ದಿನಗಳಾಗಿ ತುಂಬಿದ ಉಬ್ಬರ ಇಳಿಮುಖವಾಗಿತ್ತು. ನದಿಮುಖಗಳ ದಂಡೆಯಲ್ಲಿ ವಾಸಿಸುವವರು ಈ ಅಂಶವನ್ನು ನೆನಪಿನಲ್ಲಿಡುವುದು ಒಳಿತು. ಮುಂದಿನ ಬಾರಿ ತಿಥಿ ಅಷ್ಟು ಅನುಕೂಲಕರವಾಗಿರುವುದೆಂಬ ಭರವಸೆಯಿಲ್ಲ.

ಮುನ್ಸೂಚನೆಯನ್ನು ಓದುವ ಬಗೆ

ಚಂಡಮಾರುತದ ಮುನ್ಸೂಚನೆಗಳು ಇಂದು ಹಿಂದಿಗಿಂತ ಬಹಳ ನಿಖರವಾಗಿವೆ. ಹವಾಮಾನ ಇಲಾಖೆ ಕನಿಷ್ಠ 48 ಗಂಟೆ ಮೊದಲು ಜಾಗೃತಿ ಸೂಚನೆಯನ್ನೂ 24 ಗಂಟೆ ಮೊದಲು ಎಚ್ಚರಿಕೆಯನ್ನೂ ನೀಡುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದರುಗಳ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಸಮುದ್ರದ ಸ್ಥಿತಿಯ ಕುರಿತು ಮಾಹಿತಿ ಒದಗಿಸುತ್ತದೆ. ಈ ಮಾಹಿತಿಯನ್ನು ತನ್ನ ಮನೆಯ ಬಾಗಿಲಿಗೆ ಅನ್ವಯಿಸಿಕೊಳ್ಳುವ ಕೆಲಸ ಮಾತ್ರ ಪ್ರತಿಯೊಂದು ಊರಿಗೂ ಉಳಿಯುತ್ತದೆ. ಅದಕ್ಕಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು.

ಮೊದಲನೆಯದು: ಚಂಡಮಾರುತ ನೆಲ ಮುಟ್ಟುವ ದಿನ ಯಾವ ತಿಥಿ, ನಮ್ಮ ಹೊಳೆಯಲ್ಲಿ ಉಬ್ಬರ ಎಷ್ಟು ಗಂಟೆಗೆ? ಎರಡನೆಯದು: ಅದು ಸಾಗುವ ದಾರಿಗೆ ನಮ್ಮ ಊರು ಬಲಕ್ಕಿದೆಯೋ ಎಡಕ್ಕಿದೆಯೋ? ಮೂರನೆಯದು: ಒಡ್ಡಿನ ಎತ್ತರವೆಷ್ಟು, ಎಲ್ಲಿ ದುರ್ಬಲವಾಗಿದೆ, ಊರಿನಲ್ಲಿ ಎಲ್ಲಕ್ಕಿಂತ ತಗ್ಗಾದ ನೆಲ ಯಾವುದು? ನಾಲ್ಕನೆಯದು: ದೋಣಿಗಳು ನಿಲ್ಲುವ ಮುನ್ನ ಆಶ್ರಯ ಕಟ್ಟಡವನ್ನು ತಲುಪುವ ದಾರಿ ಯಾವುದು? ಇವುಗಳಲ್ಲಿ ಒಂದಕ್ಕೂ ದುಬಾರಿ ಉಪಕರಣ ಬೇಕಿಲ್ಲ. ಪಂಚಾಂಗ, ನಕಾಶೆ ಮತ್ತು ಊರಿನ ಹಿರಿಯರ ಅನುಭವಗಳಿಂದ ಶಾಲೆಯ ಮಕ್ಕಳೇ ಉತ್ತರಗಳನ್ನು ಸಿದ್ಧಪಡಿಸಬಹುದು. ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿ ಕೆಲಹೊತ್ತು ನಿಂತು, ಅನಂತರ ವಿರುದ್ಧ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನೂ ಎಲ್ಲರೂ ಅರಿತಿರಬೇಕು. ಬಿರುಗಾಳಿ ಮುಗಿಯಿತೆಂದು ಆ ನಡುವೆ ಹೊರಬಂದು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ.

ಪಿಡಿಂಗ್ಟನ್ ಪತ್ರ ಬರೆದ ಕಾಲದಲ್ಲಿ ಉಪಗ್ರಹಗಳಿರಲಿಲ್ಲ. ಆತನ ಬಳಿಯಿದ್ದುದು ಹಡಗುಗಳ ದಿನಚರಿ ಮತ್ತು ಹೊಳೆಯ ಸ್ವರೂಪದ ಅರಿವು. ಅಷ್ಟರಿಂದಲೇ ಆತ ಕ್ಯಾನಿಂಗ್ ಬಂದರಿನ ಭವಿಷ್ಯವನ್ನು ಸರಿಯಾಗಿ ಕಂಡ. ಇಂದು ನಮ್ಮ ಬಳಿ ಉಪಗ್ರಹಗಳಿವೆ, ಕೋಷ್ಟಕಗಳಿವೆ, ತಾರಾಲಯಗಳಿವೆ. ಮುಂದಿನ ಪ್ರಕಟಣೆಯಲ್ಲಿ ‘ಖಗೋಳೀಯ ಉಬ್ಬರದ ಮಟ್ಟಕ್ಕಿಂತ ಮೇಲೆ’ ಎಂಬ ಮಾತು ಬಂದಾಗ ಅದನ್ನು ಓದಿದವರು ಒಮ್ಮೆ ತಿಥಿಯನ್ನು ನೋಡುವಂತಾದರೆ, ಭೂಗೋಳದ ಶಿಕ್ಷಣ ತನ್ನ ಕೆಲಸ ಮಾಡಿತೆಂದು ತಿಳಿಯಬಹುದು.